ಸಂಕಲ್ಪದಲ್ಲಿ ನಿಂತ ಮಾತು

ನನ್ನ ಭಾವ ಶಂಕರನಾರಾಯಣ ಭಟ್ಟರ ಮೌನವನ್ನು ಶಿವಮೊಗ್ಗದ ಸವಳಂಗ ರಸ್ತೆಯ ಜನ ತಪಸ್ಸು ಎಂದುಕೊಂಡಿದ್ದರು. ಅದು ಶುದ್ಧ ಹಟ ಎಂದು ಮನೆಯೊಳಗಿದ್ದ ನಮಗೆ ಗೊತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ಮೌನ. ಅಕ್ಕ ಪೇಟೆಯಿಂದ ತಡವಾಗಿ ಬಂದರೆ ಮೌನ. ಮಗಳು ಮೇಧಾ ತಾನು ಮೆಚ್ಚಿದವನನ್ನು ಮದುವೆಯಾದಾಗಲಂತೂ ತಿಂಗಳುಗಟ್ಟಲೆ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಚಪ್ಪಾಳೆ ತಟ್ಟಿದರೆ ನೀರು, ಎಲೆಯ ಮೇಲೆ ಬೆರಳಿಟ್ಟರೆ ಅನ್ನ. ಅಕ್ಕ ಸೀತಾಲಕ್ಷ್ಮಿ ಓಡಾಡಿಕೊಂಡು ಎಲ್ಲವನ್ನೂ ಒದಗಿಸಿ, ಕೊನೆಗೆ ಮಾಡದ ತಪ್ಪಿಗೆ ತಾನೇ ಕಾಲು ಹಿಡಿಯಬೇಕು. ಆಮೇಲೆ ಭಾವ ದೊಡ್ಡ ಉಪಕಾರ ಮಾಡಿದವರ ಹಾಗೆ ಬಾಯಿ ಬಿಡುತ್ತಿದ್ದರು.

ನಾನು ದಾಕ್ಷಾಯಣಿ, ಅಕ್ಕನ ತಂಗಿ. ಭದ್ರಾವತಿಯ ನ್ಯೂ ಟೌನಿನ ಒಂದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅವರ ಮನೆಯ ಮಹಡಿಯಲ್ಲಿದ್ದೇನೆ. ಭಾವನನ್ನು ಕಂಡರೆ ನನಗಾಗುವುದಿಲ್ಲ. ಅದನ್ನು ಮುಚ್ಚಿಟ್ಟು ಹೇಳುವ ಕಥೆಯಲ್ಲ ಇದು. ಅವರ ಪೌರೋಹಿತ್ಯದಲ್ಲಿ ಮಾತ್ರ ಯಾರೂ ಹುಳುಕು ಹುಡುಕಲಾರರು. ಪುಸ್ತಕ ಮುಟ್ಟದೆ ಇಡೀ ಪೂಜೆಯನ್ನು ಸ್ವರ ತಪ್ಪದಂತೆ ಹೇಳುತ್ತಿದ್ದರು.

ಕಳೆದ ಮಾಘದಲ್ಲಿ, ನವುಲೆಯಲ್ಲಿರುವ ಮೇಧಾಳ ಮನೆಗೆ ಹೋಗಿ ಮೊಮ್ಮಗುವಿನ ಜೊತೆ ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು ಅಕ್ಕ. ಭಾವ ಎಂದಿನಂತೆ ಮುಖ ತಿರುಗಿಸಿ ಬಾಯಿ ಮುಚ್ಚಿದರು. ಅಕ್ಕ ಈ ಸಲ ಕಾಲು ಹಿಡಿಯಲಿಲ್ಲ.

"ಮಾತಾಡೋದು ಬೇಡ ಅಂದ್ರೆ ಬೇಡ ಬಿಡಿ. ಇನ್ಮೇಲೆ ಆಡ್ಲೇಬೇಡಿ," ಎಂದು ಒಳಗೆ ಹೋದಳು. ನನಗೆ ಖುಷಿಯಾಯಿತು.

ಮಾರನೆಯ ಬೆಳಿಗ್ಗೆ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದರು, ಮುಚ್ಚಿದರು. ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅಕ್ಕ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ದೇವರ ಮನೆಯಿಂದ ಸಂಧ್ಯಾವಂದನೆಯ ಮಂತ್ರ ಕೇಳಿಸಿತು, ಒಂದಕ್ಷರ ಎಡವಲಿಲ್ಲ. ತಿಂಡಿಗೆ ಕೂತಾಗ ಮತ್ತೆ ಮಾತಿಲ್ಲ. ಕಾಫಿ ಲೋಟ ಕೈಯಿಂದ ಜಾರಿ ಅಕ್ಕನ ಕಾಲ ಬಳಿ ಬಿತ್ತು. ಎಸೆದರು ಎಂದೇ ನಾವು ತಿಳಿದೆವು.

"ದೇವ್ರ ಹತ್ರ ಮಾತು ಸರಾಗ. ನನ್ನ ಹತ್ರ ಮಾತ್ರ ಮೂಕ," ಎಂದಳು ಅಕ್ಕ. ಆ ದಿನವೆಲ್ಲ ಭಾವ ಅವಳ ಸೆರಗು ಹಿಡಿದೆಳೆಯುವುದು, ಗೋಡೆ ಗುದ್ದುವುದು. ಹೊಸ ನಾಟಕ ಕಲಿತಿದ್ದಾರೆ ಎಂದು ನಾನೂ ಬೆಂಕಿಗೆ ತುಪ್ಪ ಸುರಿದೆ.

ಅದರ ಮರುದಿನ ನ್ಯೂ ಟೌನಿನಲ್ಲಿ ಜಯಪ್ಪನವರ ಗೃಹಪ್ರವೇಶವಿತ್ತು. ಜಯಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗಳು ಸ್ಪಂದನಾ ನನ್ನ ವಿದ್ಯಾರ್ಥಿನಿ, ಈಗ ಶಿವಮೊಗ್ಗದಲ್ಲಿ ನರ್ಸು. ಅವರು ಕಾರು ಕಳಿಸಿದರು. ಭಾವ ಚೀಲ ಹಿಡಿದು ಹತ್ತಿದರು. ಮಂತ್ರ ಬರುತ್ತದಲ್ಲ ಎಂಬ ಧೈರ್ಯವಿತ್ತೇನೋ. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಎರಡು ಕಿಟಕಿಗಳಾಚೆ ನೋಡುತ್ತ ಕೂತಿದ್ದೆವು.

ಸಂಕಲ್ಪದವರೆಗೆ ಎಲ್ಲವೂ ಚೆನ್ನಾಗಿತ್ತು. ಅಲ್ಲಿ ಮನೆಯ ಯಜಮಾನನ ಹೆಸರು ಹೇಳಬೇಕು. ಆ ಜಾಗಕ್ಕೆ ಬಂದು ಭಾವ ನಿಂತರು. ಮತ್ತೆ ಮೊದಲಿನಿಂದ ಹೇಳಿಕೊಂಡು ಬಂದರು, ಅಲ್ಲೇ ನಿಂತರು. ಜಯಪ್ಪ ತಮ್ಮ ಹೆಸರನ್ನು ಮೆಲ್ಲಗೆ ನೆನಪಿಸಿದರು, ಆಮೇಲೆ ಜೋರಾಗಿ ಹೇಳಿದರು. ನೆಂಟರು ಪಿಸುಗುಟ್ಟತೊಡಗಿದರು. ಜಯಪ್ಪನವರ ಮುಖ ಕೆಂಪಾಯಿತು.

"ನಮ್ಮಂಥೋರ ಹೆಸ್ರು ನಿಮ್ ಬಾಯಲ್ಲಿ ಬಂದ್ರೆ ಮೈಲಿಗೆ ಆಗುತ್ತೇನ್ರಿ ಭಟ್ರೇ? ಹಂಗಿದ್ರೆ ಬರಬಾರದಿತ್ತು," ಎಂದು ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ಹಾಕಿ ಮಣೆಯಿಂದ ಎದ್ದರು.

ಭಾವ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಒಂದಲ್ಲ, ನಾಲ್ಕೈದು ಸಲ. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸ್ಪಂದನಾ ಬಂದು ಅವರ ಮುಂದೆ ಕೂತು, ನಗಿ ಎಂದಳು. ತುಟಿಯ ಬಲಭಾಗ ಮೇಲೇಳಲಿಲ್ಲ. ಎರಡೂ ಕೈ ಎತ್ತಿಸಿದಳು. ಬಲಗೈ ಮೆಲ್ಲಗೆ ಕೆಳಗಿಳಿಯಿತು. "ಟೀಚರ್, ಇದು ಸ್ಟ್ರೋಕ್. ಯಾವಾಗಿಂದ ಹಿಂಗಿದಾರೆ?" ಎಂದು ಕೇಳಿದಳು. ನಿನ್ನೆ ಬೆಳಿಗ್ಗೆಯಿಂದ ಎಂದೆ. ಜಯಪ್ಪನವರೇ ಕಾರು ಹೊರಡಿಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ಎಡಭಾಗದಲ್ಲಿ ಮಾತು ಕಟ್ಟುವ ಜಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ. ಬಾಯಿಪಾಠವಾದ ಮಂತ್ರ, ಮಗ್ಗಿ, ಹಾಡು ಇವೆಲ್ಲ ಮಿದುಳಿನಲ್ಲಿ ಬೇರೆ ದಾರಿಯಲ್ಲಿ ಬರುತ್ತವೆ, ಹಾಗಾಗಿ ಉಳಿದಿವೆ. ಹೊಸದಾಗಿ ಕಟ್ಟಬೇಕಾದ ಮಾತು, ಅದು ಒಂದು ಲೋಟ ನೀರು ಕೇಳುವಷ್ಟು ಚಿಕ್ಕದಾದರೂ, ಹುಟ್ಟುವುದಿಲ್ಲ.

ಸುದ್ದಿ ಕೇಳಿ ಓಡಿಬಂದಿದ್ದ ಅಕ್ಕ ಒಂದೇ ಪ್ರಶ್ನೆ ಕೇಳಿದಳು: ಇನ್ನು ಮಾತಾಡಲೇಬೇಡಿ ಎಂದು ತಾನು ಅಂದದ್ದರಿಂದ ಹೀಗಾಯಿತೆ? ಮನಸ್ಸಿಗೆ ಪೆಟ್ಟುಬಿದ್ದು, ಭಯಕ್ಕೆ, ಮಾತು ನಿಂತುಹೋಗುವವರೂ ಇದ್ದಾರೆ ಎಂದರು ಡಾಕ್ಟರು. ಅಂಥವರ ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ, ಅದೂ ನಾಟಕವಲ್ಲ. ಆದರೆ ಇದು ಅದಲ್ಲ, ನಿಮ್ಮ ಮಾತಿನಿಂದ ಆದದ್ದಲ್ಲ. ಮೊದಲ ದಿನ ಬೆಳಿಗ್ಗೆಯೇ ಕರೆತಂದಿದ್ದರೆ ಏನಾದರೂ ಮಾಡಲು ನೋಡಬಹುದಿತ್ತು ಎಂದೂ ಅಂದರು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಜನ್ಮವಿಡೀ ಸುಳ್ಳು ಮೌನ ಕೂತು, ನಿಜವಾದದ್ದು ಬಂದ ದಿನ ಹೆಂಡತಿ ನಂಬದಂತೆ ತಾನೇ ಮಾಡಿಕೊಂಡ. ಈಗ ಅದರ ಪಾಪವೂ ಅವಳ ತಲೆಗೇ.

ಮಾತು ಕಲಿಸುವ ಥೆರಪಿಸ್ಟ್ ಹುಡುಗಿ, ಮಂತ್ರದ ರಾಗದಲ್ಲೇ ದಿನದ ಮಾತುಗಳನ್ನು ಸೇರಿಸಿ ಹೇಳಿಸಿ ಎಂದಳು. ಅವರ ಬಾಯಲ್ಲಿ ಸದಾ ಇದ್ದ ಮಾತಿನಿಂದ ಶುರುಮಾಡೋಣ ಎಂದು ಕೇಳಿದಳು: "ನಿಮ್ಮನ್ನ ಮನೇಲಿ ಏನಂತ ಕರೀತಿದ್ರು ಆಂಟಿ?"

"ಕರೀತಿರ್ಲಿಲ್ಲ," ಎಂದಳು ಅಕ್ಕ.

ಆ ಹುಡುಗಿ, ಹಾಗಾದರೆ ನೀರು, ಅನ್ನ ಇಂಥವು ಸುಲಭ ಎಂದಳು. ಅಕ್ಕ ಒಪ್ಪಲಿಲ್ಲ. ತನ್ನ ಹೆಸರಿನಿಂದಲೇ ಶುರುಮಾಡಿದಳು. ದಿನವೂ ಪೂಜೆಯಾದ ಮೇಲೆ ಭಾವನ ಎದುರು ಕೂತು ಅದೇ ರಾಗದಲ್ಲಿ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳುವಳು. ಹೊತ್ತುಹೊತ್ತಿಗೆ ನೀರು, ಊಟ, ಮಾತ್ರೆ ಎಲ್ಲವನ್ನೂ ತಪ್ಪದೆ ಕೊಡುವಳು. ಭಾವ ಹಳೆಯ ಚಾಳಿಯಲ್ಲಿ, ಚಪ್ಪಾಳೆಗೆ ಬಲಗೈ ಏಳದೆ, ಎಡಗೈಯಿಂದ ತೊಡೆ ತಟ್ಟಿದರೆ ಮಾತ್ರ ಕೂತಲ್ಲಿಂದ ಕದಲುತ್ತಿರಲಿಲ್ಲ. ಮೇಧಾ ಬಂದಾಗ, ಅಪ್ಪ ಪೇಷೆಂಟು, ಹಟ ಬೇಡಮ್ಮ ಎಂದು ಬೈದಳು.

"ಮಾತು ಬರ್ಸಿ ಅಂದಿದಾರೆ. ಬರಿಸ್ತಾ ಇದೀನಿ," ಎಂದಳು ಅಕ್ಕ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಮಹಡಿಯಿಂದ ಇಳಿಯುತ್ತಿದ್ದೆ. ಭಾವ ಜಗಲಿಯಲ್ಲಿ ತೊಡೆ ತಟ್ಟಿ ಸಾಕಾಗಿ ಸುಮ್ಮನಾಗಿದ್ದರು. ಆಮೇಲೆ ಕಣ್ಣು ಮುಚ್ಚಿ, ಮಂತ್ರದ ರಾಗದಲ್ಲೇ, ಎಳೆದೆಳೆದು "ಸೀತಾ... ಲಕ್ಷ್ಮೀ" ಎಂದರು. ಅಕ್ಕ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಳು. ಕಣ್ಣು ತುಂಬಿತ್ತು, ಆದರೆ ಹೊಸಿಲು ದಾಟಲಿಲ್ಲ.

"ಇನ್ನೊಂದ್ಸಲ ಕರೀರಿ," ಎಂದಳು.

ಭಾವ ಕರೆದರು.

"ಇನ್ನೊಂದ್ಸಲ."

ಮೂರನೆಯ ಸಲ ಕರೆದ ಮೇಲೆ ಹೋಗಿ ನೀರು ಕೊಟ್ಟಳು. ನಾನಾಗಿದ್ದರೆ ಅಷ್ಟು ಬೇಗ ಕೊಡುತ್ತಿರಲಿಲ್ಲ.