ಎಮ್ಮೆಗೊಂದು ಪ್ರಾರ್ಥನೆ

ಬ್ಯಾಡಗಿ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಪಾದ್ರಿ ಕೂತಿದ್ದರು. ಅವರನ್ನು ಕಳಿಸಲು ಬಂದಿದ್ದ ರತ್ನವ್ವ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು, ಸಿಟ್ಟಿನಿಂದ ನಿಂತೇ ಇದ್ದಳು. ಮೇವು ಬಿಟ್ಟು ಮಲಗಿರುವ ತನ್ನ ಎಮ್ಮೆಗಾಗಿ ಪ್ರಾರ್ಥಿಸಿರೆಂದರೆ ಅವರು ನಕ್ಕುಬಿಟ್ಟಿದ್ದರಂತೆ.

“ಸೃಷ್ಟಿ ಎಲ್ಲಾ ದೇವರನ್ನ ಹೊಗಳಲಿ ಅನ್ನೋ ಕೀರ್ತನಿ ಮುಂಜಾನೆ ನೀವ ಓದಿದ್ರಿ.”

“ಅದು ಅಲಂಕಾರದ ಮಾತವ್ವ. ದನಕ್ಕ ಹೊಗಳಾಕ ಎಲ್ಲಿ ಬರತೈತಿ?”

“ಮತ್ತ ಅದರಾಗ ದನದ ಹೆಸರು, ಹುಳದ ಹೆಸರು ರಾಜರಕಿಂತ ಮೊದಲ ಯಾಕ ಬಂದಾವ್ರಿ?”

ಪಾದ್ರಿ ಪುಸ್ತಕ ತೆರೆದು ನೋಡಿದರು. ಹಾಗೇ ಇತ್ತು. ಓದಿದವರ ಉಡಾಫೆಗೆ ನನಗೂ ಮೈ ಉರಿಯಿತು.

ರೈಲು ಬಂತು. ರತ್ನವ್ವ ದಾರಿಗೆ ಅಡ್ಡ ನಿಂತಳು.

“ಪ್ರಾರ್ಥನಾ ಮಾಡಿ ಹತ್ರಿ.”

ಪಾದ್ರಿ ಕಣ್ಣು ಮುಚ್ಚಿದರು. ಮತ್ತೆ ತೆರೆದು, ಮೆಲ್ಲಗೆ ಕೇಳಿದರು: “ಎಮ್ಮಿ ಹೆಸರೇನವ್ವ?”