ಗೆರೆಯ ಅಳತೆ, ನಮ್ಮ ಅಂಕಿ

ಕೆ.ಆರ್. ಪುರದಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಮಾಡುವ ನಮ್ಮ ಡಿಸೈನ್ ಆಫೀಸಿನಲ್ಲಿ ಅಳತೆ ಬದಲಾದರೆ ಯಾರೂ ಡ್ರಾಯಿಂಗ್ ತಿದ್ದುತ್ತಿರಲಿಲ್ಲ. ಗೆರೆಯನ್ನು ಹಾಗೇ ಬಿಟ್ಟು, ಪಕ್ಕದ ಅಂಕಿಯನ್ನಷ್ಟೇ ಅಳಿಸಿ ಹೊಸದನ್ನು ಟೈಪ್ ಮಾಡುತ್ತಿದ್ದೆವು. ಲೇತ್ ಯಂತ್ರದಲ್ಲಿ ಭಾಗಗಳನ್ನು ಕಡೆಯುವವರು ಅಂಕಿ ನೋಡಿಯೇ ಕೆಲಸ ಮಾಡುತ್ತಿದ್ದರು. ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಡ್ರಾಯಿಂಗ್ ಮಾಡಲು ಹೊಸ ಕ್ಯಾಡ್ ಸಾಫ್ಟ್‌ವೇರ್ ಬಂತು. ಹಳೆ ಫೈಲುಗಳನ್ನೆಲ್ಲ ಅದಕ್ಕೆ ಹಾಕುವ ಕರ್ಮ ನನ್ನದಾಯಿತು. ಅದಕ್ಕೋ, ನಾವು ಟೈಪ್ ಮಾಡಿದ್ದು ಲೆಕ್ಕಕ್ಕೇ ಇಲ್ಲ. ಪ್ರತಿ ಗೆರೆಯನ್ನೂ ತಾನೇ ಅಳೆದು, ನಮ್ಮ ಅಂಕಿಯ ಜಾಗದಲ್ಲಿ ಗೆರೆಯ ಹಳೆ ಅಳತೆಯನ್ನೇ ಇದ್ದಹಾಗೆ ಬರೆಯಿತು. ಆ ಡ್ರಾಯಿಂಗ್ ನೋಡಿ ಮಾಡಿದ ಮೊದಲ ಶಾಫ್ಟೇ ಬೇರಿಂಗಿನೊಳಗೆ ಹೋಗಲಿಲ್ಲ.

"ಗೆರೆಗಳನ್ನೆಲ್ಲ ಸರಿಮಾಡಿಬಿಡೋಣ ಸಾರ್" ಅಂದೆ.

ಬಾಸ್ ಆ ಶಾಫ್ಟನ್ನು ನನ್ನ ಕೀಬೋರ್ಡಿನ ಮೇಲಿಟ್ಟರು.

"ಅದೆಲ್ಲ ಆಮೇಲೆ. ಇದ್ರಲ್ಲಿ ಅಂಕಿ ಎಲ್ಲಿ ಟೈಪ್ ಮಾಡೋದು, ಮೊದ್ಲು ಅದನ್ನ ಹುಡುಕ್ರೀ."