ಕೆಂಪು ಬಳಿದುಕೊಳ್ಳುವ ಜನ

“ಇದು ನಿಮ್ಮ ಜನಾಂಗದ ಪದ್ಧತಿಯೇ?” ಸಂಡೂರಿನಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ವಿದೇಶಿ ಹುಡುಗ ಇಂಗ್ಲಿಷಿನಲ್ಲಿ ಕೇಳಿದಾಗ ನಾನು ತಬ್ಬಿಬ್ಬಾದೆ. ಅವನು ಮುಂದಿನ ಸೀಟಿನ ಅಜ್ಜಿಯನ್ನು ತೋರಿಸುತ್ತಿದ್ದ. ಅಜ್ಜಿಯ ಕೂದಲು, ಹುಬ್ಬು, ಸೆರಗು ಎಲ್ಲವೂ ಕೆಂಪು. ಮೈನಿಂಗ್ ಜೋರಾಗಿದ್ದ ಕಾಲ ಅದು. ಅದಿರು ಲಾರಿಗಳ ಸಾಲಿನ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು, ಕಿಟಕಿಯಿಂದ ಧೂಳು ನುಗ್ಗುತ್ತಿತ್ತು. ನನ್ನ ಬಿಳಿ ಅಂಗಿಯೂ ಅಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಬೆನ್ನಿಗೊಂದು ಚೀಲ ಹಾಕಿಕೊಂಡು, ಯಾರೂ ಹೋಗದ ದೇಶಗಳನ್ನೇ ಹುಡುಕಿ ಒಬ್ಬನೇ ಸುತ್ತುವ ಮಹಾನುಭಾವನಂತೆ ಆತ. ಹಂಪಿಯಲ್ಲಿ ವಿದೇಶಿಯರ ಕಾಟ ಹೆಚ್ಚೆಂದು ಮೂಗು ಮುರಿದು, ನಿಜವಾದ ಜನಜೀವನ ನೋಡಲು ಸಂಡೂರಿಗೆ ಹೋಗಿದ್ದನಂತೆ. ಕ್ಯಾಮೆರಾ ಎತ್ತಿಕೊಂಡು, “ಯಾವ ದೇವರಿಗಾಗಿ ಹೀಗೆ ಬಳಿದುಕೊಳ್ಳುತ್ತೀರಿ?” ಎಂದ.

ನಾನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿ ನಗಲಿಲ್ಲ.

“ನಾವು ಹಚ್ಕೊಂಡಿಲ್ಲಪ, ಗುಡ್ಡ ಒಡಿಯೋರು ಹಚ್ಯಾರ. ನಮ್ಮ ಗುಡ್ಡ ಲಾರಿ ಹತ್ತಿ, ಹಡಗು ಹತ್ತಿ ಪರದೇಶಕ್ಕ ಹೊಂಟೈತಿ. ಇಂವ ಇಲ್ಲಿಗ್ಯಾಕ ಬಂದಾನಂತ ಕೇಳು.”

ಕೇಳಿದೆ. ಆತ “ವಂಡರ್‌ಫುಲ್” ಎಂದು ಅಜ್ಜಿಯ ಫೋಟೊ ತೆಗೆದ. ಹೊಸಪೇಟೆಯಲ್ಲಿ ಇಳಿಯುವ ಹೊತ್ತಿಗೆ ನಮ್ಮ ‘ಪದ್ಧತಿ’ ಅವನ ಹುಬ್ಬಿಗೂ ಹತ್ತಿತ್ತು. ಒರೆಸಿಕೊಳ್ಳದೆ, ಸನ್ಮಾನ ಮಾಡಿಸಿಕೊಂಡವನಂತೆ ಬೀಗುತ್ತಾ ನಡೆದುಹೋದ.

ಎಷ್ಟು ದೇಶ ಸುತ್ತಿದರೂ ಆ ಹುಡುಗ ಕೊನೆಗೆ ತನ್ನ ಮನೆ ಸೇರಿರುತ್ತಾನೆ. ಹಡಗು ಹತ್ತಿದ ನಮ್ಮ ಗುಡ್ಡ ಮಾತ್ರ ತಿರುಗಿ ಬರಲಿಲ್ಲ.